ರಕ್ಷಣಾ ಇಲಾಖೆಯ ಲೆಕ್ಕ ಬೀದರ್ ಜನರಿಗೂ ಸಿಗಬೇಕು



ಬೀದರ್ ನಗರಕ್ಕೆ ಹೊಂದಿಕೊಂಡಿರುವ ವಾಯುಪಡೆ ನೆಲೆಯು ಯುದ್ಧವಿಮಾನ ಚಾಲನೆಗೆ ಆಯ್ಕೆಯಾದ ಯುವ ಅಧಿಕಾರಿಗಳನ್ನು ಹಾಕ್ ಜೆಟ್‌ಗಳಲ್ಲಿ ಪಳಗಿಸುವ ದೇಶದ ಮುಖ್ಯ ಕೇಂದ್ರವಾಗಿದ್ದು, ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡದ ತವರೂ ಅದೇ ಆಗಿರುವುದರಿಂದ ಜಿಲ್ಲೆಯ ಜನರಿಗೆ ಅದರ ಬಗ್ಗೆ ಸಹಜವಾದ ಅಭಿಮಾನವಿದೆ. ಭಾಲ್ಕಿಯ ಕಬ್ಬಿನ ಹೊಲಗಳಲ್ಲಿ, ಔರಾದ್‌ನ ತೊಗರಿ ಮತ್ತು ಸೋಯಾ ಹೊಲಗಳಲ್ಲಿ ದುಡಿಯುವವರಿಗೂ ಈ ಜೆಟ್‌ಗಳ ಸದ್ದು ಹೊಸದಲ್ಲ. ಆದರೆ ಆ ವಿಮಾನಗಳನ್ನು ಹೇಗೆ ಕೊಳ್ಳಲಾಯಿತು, ಅವುಗಳಲ್ಲಿ ಕೊಡುವ ತರಬೇತಿ ಯಾವ ಮಟ್ಟದಲ್ಲಿದೆ, ನೆಲೆಯ ಸುತ್ತಲಿನ ಜಮೀನಿನ ಮೇಲೆ ಯಾವ ನಿರ್ಬಂಧಗಳಿವೆ ಎಂಬ ಪ್ರಶ್ನೆಗಳು ಎದ್ದಾಗಲೆಲ್ಲ ‘ಇದು ರಕ್ಷಣೆಯ ವಿಷಯ, ಕೇಳಬಾರದು’ ಎಂಬ ಒಂದೇ ಮಾತಿನಿಂದ ಬಾಯಿ ಮುಚ್ಚಿಸುವ ರೂಢಿ ಬೆಳೆದಿದೆ. ಈ ರೂಢಿಗೆ ಸಂವಿಧಾನದ ಬೆಂಬಲವೂ ಇಲ್ಲ, ಕಾನೂನಿನ ಬೆಂಬಲವೂ ಇಲ್ಲ.

ಮೊದಲು ಉಪಕರಣದ ವಿಚಾರ. ನಿಧಾನಗತಿಯ ತರಬೇತಿ ವಿಮಾನದಿಂದ ಇಳಿದ ಯುವಕನನ್ನು ನೇರವಾಗಿ ಶಬ್ದಾತೀತ ಯುದ್ಧವಿಮಾನಕ್ಕೆ ಹತ್ತಿಸದೆ, ನಡುವೆ ಒಂದು ಮುಂದುವರಿದ ತರಬೇತಿ ಜೆಟ್ ಬೇಕೆಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಶಿಫಾರಸು ಮಾಡಿತ್ತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚ್‌ನಲ್ಲಿ, ಅಂದರೆ 22 ವರ್ಷಗಳ ಬಳಿಕ. ಅದರಂತೆ 66 ಹಾಕ್ ವಿಮಾನಗಳ ಪೈಕಿ 24 ಬ್ರಿಟನ್ನಿನಿಂದ ಸಿದ್ಧವಾಗಿ ಬರಬೇಕಿತ್ತು, ಉಳಿದ 42ನ್ನು ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಬೇಕಿತ್ತು. 2008ರ ಫೆಬ್ರುವರಿಯಲ್ಲಿ ಹಾಕ್ ಬೀದರ್‌ನಲ್ಲಿ ಸೇವೆಗೆ ಸೇರಿತು. ಅಷ್ಟೂ ವರ್ಷ ಎಳೆಯ ಚಾಲಕರು ಮಿಗ್-21ರಂಥ ಪಳಗಿಸಲು ಕಷ್ಟವಾದ ವಿಮಾನಗಳಲ್ಲೇ ಕಲಿಯಬೇಕಾಗಿ ಬಂದದ್ದಕ್ಕೆ ಯಾವ ಕಚೇರಿ, ಯಾವ ಕಡತ ಹೊಣೆ ಎಂಬುದು ಜನರಿಗೆ ತಿಳಿಯಬೇಕಾದ ಸಂಗತಿ. ಇದೇ ಖರೀದಿಯಲ್ಲಿ ಮಧ್ಯವರ್ತಿಗಳಿಗೆ ಲಂಚ ಸಂದಿದೆ ಎಂಬ ಆರೋಪದ ಮೇಲೆ ಸಿಬಿಐ 2023ರ ಮೇ ತಿಂಗಳಲ್ಲಿ ಎಂಜಿನ್ ತಯಾರಿಕಾ ಕಂಪನಿ ರೋಲ್ಸ್ ರಾಯ್ಸ್ ಮತ್ತಿತರರ ವಿರುದ್ಧ ಎಫ್‌ಐಆರ್ ದಾಖಲಿಸಿದ್ದು, 24 ವಿಮಾನಗಳ ಬೆಲೆಯನ್ನು ಅದರಲ್ಲಿ 73.42 ಕೋಟಿ ಪೌಂಡ್ ಎಂದು ನಮೂದಿಸಲಾಗಿದೆ. ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ನಿರ್ಧರಿಸುತ್ತದೆ. ಆದರೆ ಆ ಕಂಪನಿ ಹಲವು ದೇಶಗಳಲ್ಲಿ ಮಧ್ಯವರ್ತಿಗಳನ್ನು ಬಳಸಿದ ಬಗೆ ಬಹಿರಂಗವಾದದ್ದು 2017ರಲ್ಲಿ ಬ್ರಿಟನ್ನಿನ ನ್ಯಾಯಾಲಯವೊಂದು ಒಪ್ಪಿದ ರಾಜಿಯ ದಾಖಲೆಯಿಂದ ಎಂಬುದನ್ನು ಮರೆಯುವಂತಿಲ್ಲ. ಭಾರತದ ತೆರಿಗೆದಾರನ ಹಣದ ಕತೆಯನ್ನು ಲಂಡನ್ನಿನ ಕಡತದಲ್ಲಿ ಓದಬೇಕಾಗಿ ಬಂದದ್ದು ಇಲ್ಲಿನ ವ್ಯವಸ್ಥೆಗೆ ಶೋಭೆ ತರುವುದಿಲ್ಲ.

ತರಬೇತಿಯ ಸ್ಥಿತಿಯೂ ಕಳವಳಕಾರಿಯಾಗಿದೆ. ಸರ್ಕಾರದ ಖರ್ಚುವೆಚ್ಚವನ್ನು ಸ್ವತಂತ್ರವಾಗಿ ಪರಿಶೀಲಿಸಿ ಸಂಸತ್ತಿಗೆ ವರದಿ ಒಪ್ಪಿಸುವ ಸಾಂವಿಧಾನಿಕ ಅಧಿಕಾರಿಯಾದ ಮಹಾಲೇಖಪಾಲರು, ಅಂದರೆ ಸಿಎಜಿ, ವಾಯುಪಡೆಯ ಚಾಲಕರ ತರಬೇತಿ ಕುರಿತು ಸಿದ್ಧಪಡಿಸಿದ ವರದಿಯು 2024ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. 2015ರ ಫೆಬ್ರುವರಿಯಲ್ಲಿ 486 ಇದ್ದ ಚಾಲಕರ ಕೊರತೆ 2021ರ ಕೊನೆಗೆ 596ಕ್ಕೆ ಏರಿತೆಂದೂ, ಆರಂಭಿಕ ತರಬೇತಿಗೆ ಬಳಸುವ 64 ಪಿಲಾಟಸ್ ಪಿಸಿ-7 ವಿಮಾನಗಳ ಪೈಕಿ 16ರಲ್ಲಿ 2013ರಿಂದ 2021ರ ನಡುವೆ 38 ಬಾರಿ ಎಂಜಿನ್ ತೈಲ ಸೋರಿಕೆ ಕಂಡುಬಂದಿತೆಂದೂ ಅದು ಹೇಳುತ್ತದೆ. ಬೀದರ್‌ಗೆ ಬರುವ ತರಬೇತಿ ಚಾಲಕರು ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಪಿಸಿ-7ರ ಮೇಲೆಯೇ ಮೊದಲ ಪಾಠ ಕಲಿತಿರುತ್ತಾರಾದ್ದರಿಂದ ಅಲ್ಲಿನ ಲೋಪದ ಪರಿಣಾಮ ಇಲ್ಲಿಗೂ ತಟ್ಟುತ್ತದೆ. ಆದರೂ ರಕ್ಷಣೆಗೆ ಸಂಬಂಧಿಸಿದ ಲೆಕ್ಕಪರಿಶೋಧನಾ ವರದಿಗಳನ್ನು ಸಿಎಜಿ ಜಾಲತಾಣದಲ್ಲಿ ಹಾಕುವ ಪದ್ಧತಿಯನ್ನು ಕೆಲವು ವರ್ಷಗಳಿಂದ ಕೈಬಿಡಲಾಗಿದೆ. ಸಂಸತ್ತಿನ ಮೇಜಿನ ಮೇಲೆ ಇಟ್ಟ ಕ್ಷಣವೇ ವರದಿ ಸಾರ್ವಜನಿಕ ದಾಖಲೆಯಾಗುತ್ತದೆ, ದೆಹಲಿಯ ಪತ್ರಕರ್ತರು ಅದರ ಅಂಕಿ ಅಂಶಗಳನ್ನು ಅಂದೇ ಬರೆಯುತ್ತಾರೆ. ಹೀಗಿರುವಾಗ ಜಾಲತಾಣಕ್ಕೆ ಹಾಕದಿರುವುದರಿಂದ ಶತ್ರುದೇಶಕ್ಕೆ ಆಗುವ ಅಡ್ಡಿ ಏನೂ ಇಲ್ಲ. ಅಡ್ಡಿಯಾಗುವುದು ಔರಾದ್‌ನ ಕಾಲೇಜು ವಿದ್ಯಾರ್ಥಿಗೆ ಮತ್ತು ಭಾಲ್ಕಿಯ ಶಿಕ್ಷಕರಿಗೆ ಮಾತ್ರ.

ಅಪಘಾತಗಳ ವಿಷಯದಲ್ಲಿಯೂ ಇದೇ ಧೋರಣೆ ಕಾಣುತ್ತದೆ. ನಾಗರಿಕ ವಿಮಾನ ಬಿದ್ದರೆ ಅದರ ತನಿಖೆಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಅಂತಿಮ ವರದಿಯನ್ನು ಪ್ರಕಟಿಸುತ್ತದೆ. ವಾಯುಪಡೆಯ ವಿಮಾನ ಬಿದ್ದರೆ ‘ಕೋರ್ಟ್ ಆಫ್ ಎನ್‌ಕ್ವೈರಿ’ ಎಂಬ ಆಂತರಿಕ ವಿಚಾರಣೆಗೆ ಆದೇಶವಾದ ಸುದ್ದಿ ಬರುತ್ತದೆಯೇ ಹೊರತು ಅದರ ಪೂರ್ಣ ವರದಿ ಪ್ರಕಟವಾಗುವುದಿಲ್ಲ. ಸೂರ್ಯಕಿರಣದ ವಿಮಾನವೊಂದು 2009ರ ಜನವರಿಯಲ್ಲಿ ಬೀದರ್ ಬಳಿಯೇ ಬಿದ್ದು ಚಾಲಕರು ಪ್ರಾಣ ಕಳೆದುಕೊಂಡರು. ಅದೇ ತಂಡದ ಎರಡು ಹಾಕ್‌ಗಳು 2019ರ ಫೆಬ್ರುವರಿ 19ರಂದು ಯಲಹಂಕದಲ್ಲಿ ತಾಲೀಮಿನ ವೇಳೆ ಡಿಕ್ಕಿಯಾಗಿ ಜನವಸತಿಯ ಬಳಿ ಬಿದ್ದವು. ಹಾಕ್ ವಿಮಾನಗಳನ್ನೇ ಬಳಸುವ ಬ್ರಿಟನ್ನಿನ ‘ರೆಡ್ ಆರೋಸ್’ ಪ್ರದರ್ಶನ ತಂಡದ ವಿಮಾನವೊಂದು 2018ರ ಮಾರ್ಚ್‌ನಲ್ಲಿ ವೇಲ್ಸ್‌ನ ವಾಯುನೆಲೆಯಲ್ಲಿ ಬಿದ್ದು ತಂತ್ರಜ್ಞರೊಬ್ಬರು ತೀರಿಕೊಂಡಾಗ, ಅಲ್ಲಿನ ರಕ್ಷಣಾ ಇಲಾಖೆ ಮರುವರ್ಷವೇ ವಿಚಾರಣಾ ವರದಿಯನ್ನು, ಹೇಳಬಾರದ ಭಾಗಗಳನ್ನಷ್ಟೇ ಮರೆಮಾಡಿ, ಪ್ರಕಟಿಸಿತು. ಹಾಗೆ ಮಾಡಿದ್ದರಿಂದ ಆ ದೇಶದ ಭದ್ರತೆ ಕುಸಿಯಲಿಲ್ಲ.

ಮೂರನೆಯದು ಆಸ್ತಿಯ ಪ್ರಶ್ನೆ. ರಕ್ಷಣಾ ಸಚಿವಾಲಯದ ಸ್ವಾಧೀನದಲ್ಲಿ ದೇಶದಾದ್ಯಂತ ಸುಮಾರು 18 ಲಕ್ಷ ಎಕರೆ ಭೂಮಿಯಿದ್ದು, ಸ್ವಾತಂತ್ರ್ಯಾನಂತರ ಅದರ ಸಮಗ್ರ ಅಳತೆ ಮುಗಿದದ್ದು 2022ರ ಆರಂಭದಲ್ಲಿ. ಇದಲ್ಲದೆ 1903ರ ರಕ್ಷಣಾ ಕಾಮಗಾರಿ ಕಾಯ್ದೆಯು ಅಧಿಸೂಚಿತ ನೆಲೆಯ ಸುತ್ತ ಗರಿಷ್ಠ 2,000 ಗಜದವರೆಗೆ ಖಾಸಗಿ ಜಮೀನಿನಲ್ಲಿಯೂ ಕಟ್ಟಡ ಕಟ್ಟುವುದನ್ನು ನಿರ್ಬಂಧಿಸಲು ಅವಕಾಶ ನೀಡುತ್ತದೆ. ಇಂಥ ನಿರ್ಬಂಧದಲ್ಲಿ ಜಮೀನು ಮಾಲೀಕನ ಹೆಸರಿನಲ್ಲೇ ಉಳಿಯುತ್ತದೆ, ಕಟ್ಟುವ ಹಕ್ಕು ಮಾತ್ರ ಕೈತಪ್ಪುತ್ತದೆ. ಆದ್ದರಿಂದಲೇ ನಷ್ಟಕ್ಕೆ ಪರಿಹಾರ ನಿಗದಿಪಡಿಸುವ ವಿಧಾನವನ್ನೂ ಅದೇ ಕಾಯ್ದೆ ಹೇಳಿದೆ. ನಿವೇಶನ ಕೊಳ್ಳುವ ಬಡ ಕುಟುಂಬವು ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರನ್ನೂ 11ನೇ ಕಾಲಂನಲ್ಲಿ ಸಾಲ ಮತ್ತು ಇತರ ಹಕ್ಕುಗಳನ್ನೂ ನೋಡಿ ಹಣ ಕೊಡುತ್ತದೆ. ನೆಲೆಯ ನಿರ್ಬಂಧವು ಆ 11ನೇ ಕಾಲಂನಲ್ಲೇ ನಮೂದಾಗಿದ್ದರೆ, ಮನೆಯ ನಕ್ಷೆ ಹಿಡಿದು ನಿರಾಕ್ಷೇಪಣಾ ಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಪ್ರಸಂಗ ಬರುವುದಿಲ್ಲ. ಹಾಗೆಂದು ನಿರ್ಬಂಧವೇ ಬೇಡವೆಂದಲ್ಲ; ಸೇನಾ ಸಾಮಗ್ರಿಯ ವಿಷಯದಲ್ಲಿ ಎಚ್ಚರ ತಪ್ಪಿದರೆ ನಗರ ಏನನ್ನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಬೀದರ್‌ನಲ್ಲೇ ಸಾಕ್ಷಿಯಿದೆ: 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಕೋಣೆಗಳಲ್ಲಿ ಮೊಘಲರ ಕಾಲದಲ್ಲಿ ಮದ್ದುಗುಂಡು ತುಂಬಿಟ್ಟಿದ್ದು, 17ನೇ ಶತಮಾನದ ಕೊನೆಯಲ್ಲಿ ಅದು ಸ್ಫೋಟಿಸಿದ್ದರಿಂದ ವಿದ್ಯಾಕೇಂದ್ರದ ಮುಂಭಾಗದ ಒಂದು ಪಾರ್ಶ್ವವೇ ಕುಸಿಯಿತು.

ಗೋಪ್ಯತೆಯ ಅಗತ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ವಿಮಾನಗಳ ನಿಯೋಜನೆ, ಶಸ್ತ್ರ ಸಂಗ್ರಹ, ಕಾರ್ಯಾಚರಣೆಯ ಯೋಜನೆಗಳು ಗುಟ್ಟಾಗಿಯೇ ಇರಬೇಕು. ಅದಕ್ಕಾಗಿಯೇ 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ಕಲಂ ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ನೀಡಿದೆ. ಆದರೆ ಅದೇ ಕಾಯ್ದೆಯ 10ನೇ ಕಲಂ ಸೂಕ್ಷ್ಮ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಬೇಕೆನ್ನುತ್ತದೆ, 4ನೇ ಕಲಂ ಯಾರೂ ಕೇಳುವ ಮುನ್ನವೇ ಮಾಹಿತಿ ಪ್ರಕಟಿಸಬೇಕೆನ್ನುತ್ತದೆ. ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟ ಸಂಸ್ಥೆಗಳ ಪಟ್ಟಿಯಲ್ಲಿ ಡಿಆರ್‌ಡಿಒ ಇದೆ, ಗಡಿ ಭದ್ರತಾ ಪಡೆಯಿದೆ, ವಾಯುಪಡೆ ಇಲ್ಲ. ಹೀಗಾಗಿ ಜಮೀನಿನ ಗಡಿ, ಪರಿಹಾರದ ಮೊತ್ತ, ಮುಗಿದುಹೋದ ಖರೀದಿಯ ವಿಳಂಬದ ಕಾರಣ ಇವನ್ನೆಲ್ಲ ಗುಟ್ಟಿನ ಪಟ್ಟಿಗೆ ಸೇರಿಸಲು ಕಾನೂನು ಅವಕಾಶ ಕೊಡುವುದಿಲ್ಲ.

ಭಾಲ್ಕಿ, ಔರಾದ್‌ಗಳನ್ನೂ ಒಳಗೊಂಡ ಕ್ಷೇತ್ರವನ್ನು ಪ್ರತಿನಿಧಿಸುವ ಬೀದರ್ ಸಂಸದರು ಈ ವಿಷಯವನ್ನು ಲೋಕಸಭೆಯಲ್ಲಿ ಎತ್ತಿ ಮೂರು ಕ್ರಮಗಳಿಗೆ ಒತ್ತಾಯಿಸಬೇಕು. ರಕ್ಷಣಾ ಲೆಕ್ಕಪರಿಶೋಧನಾ ವರದಿಗಳು ಮತ್ತೆ ಜಾಲತಾಣಕ್ಕೆ ಬರಬೇಕು. ತರಬೇತಿ ವಿಮಾನಗಳ ಅಪಘಾತದ ವಿಚಾರಣಾ ವರದಿಗಳು ಸೂಕ್ಷ್ಮ ಭಾಗಗಳನ್ನು ಬಿಟ್ಟು ಪ್ರಕಟವಾಗಬೇಕು. ಬೀದರ್ ನೆಲೆಯ ಸುತ್ತ ಯಾವ ಯಾವ ಸರ್ವೆ ನಂಬರಿಗೆ ನಿರ್ಬಂಧವಿದೆ ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಕನ್ನಡದಲ್ಲಿ ಸಿದ್ಧಪಡಿಸಿ ಗ್ರಾಮ ಪಂಚಾಯಿತಿಗಳಲ್ಲಿಯೂ ನಗರದ ಕಚೇರಿಗಳಲ್ಲಿಯೂ ತೂಗುಹಾಕಬೇಕು. ಇವುಗಳಲ್ಲಿ ಕೊನೆಯದಕ್ಕೆ ದೆಹಲಿಯ ಅಪ್ಪಣೆಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲವಾದ್ದರಿಂದ, ಜಿಲ್ಲಾಧಿಕಾರಿಗಳು ಅದನ್ನು ಈ ವರ್ಷವೇ ಕೈಗೆತ್ತಿಕೊಳ್ಳಲಿ.

— ಓದುಗರೊಬ್ಬರು, ಬೀದರ್