ಗಾಂಜಾ ಕಾರ್ಡ್: ಪೊಲೀಸಪ್ಪ ಏನು ಕೇಳಬಹುದು?

ಜೇಬಿನಲ್ಲಿ ಗಾಂಜಾ, ಎದುರಿಗೆ ಪೊಲೀಸ್. ನಮ್ಮ ಜಿಲ್ಲೆಯಲ್ಲಾದರೆ ಕಥೆ ಅಲ್ಲಿಗೇ ಮುಗೀತು, ಸೀದಾ ಠಾಣೆ. ನಮ್ಮ 1985ರ ಮಾದಕ ವಸ್ತು ಕಾಯ್ದೆಯಲ್ಲಿ ರೋಗಿಗೆ ಕಾರ್ಡ್ ಕೊಡುವ ಪದ್ಧತಿಯೇ ಇಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮಾತ್ರ ಕಥೆ ಶುರುವಾಗೋದೇ ಅಲ್ಲಿಂದ.

2008ರ ನವೆಂಬರಿನಲ್ಲಿ ಅಲ್ಲಿನ ಮತದಾರರು ವೋಟು ಹಾಕಿ ವೈದ್ಯಕೀಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟರು. ಕ್ಯಾನ್ಸರ್, ಗ್ಲಾಕೋಮಾದಂಥ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟರೆ ಸರಕಾರದ ಕಾರ್ಡ್ ಸಿಗುತ್ತೆ. ರೋಗಿಗೆ ಎರಡೂವರೆ ಔನ್ಸ್, 12 ಗಿಡ. ಬೆಳೆಯೋಕೆ ಕೈಲಾಗದವರ ಪರವಾಗಿ ಬೆಳೆದುಕೊಡುವವನು 'ಕೇರ್‌ಗಿವರ್'. ಅವನಿಗೂ ಕಾರ್ಡ್ ಬೇಕು, ವಯಸ್ಸು 21 ಆಗಿರಬೇಕು, ಐದು ರೋಗಿಗಳಿಗಿಂತ ಹೆಚ್ಚು ವಹಿಸಿಕೊಳ್ಳುವಂತಿಲ್ಲ.

ಈ ಕಾರ್ಡ್ ಅಸಲಿಯೋ ನಕಲಿಯೋ? ಪೊಲೀಸರು ಕಾರ್ಡನ್ನೂ ಫೋಟೋ ಇರುವ ಸರಕಾರಿ ಗುರುತುಚೀಟಿಯನ್ನೂ ನೋಡಿ ಇಲಾಖೆಯನ್ನು ಕೇಳ್ತಾರೆ. ಇಲಾಖೆ ಹೇಳಬೇಕಾದ್ದು ಇಷ್ಟೇ: ಸಿಂಧು, ಇಲ್ಲವೇ ಅಸಿಂಧು. ಯಾವ ರೋಗ, ಯಾವ ಡಾಕ್ಟರು ಅಂತ ಕಡತ ಬಿಚ್ಚುವಂತಿಲ್ಲ. ಪಾಸ್ ತೋರಿಸಿದ ಹುಡುಗನನ್ನು ಕಂಡಕ್ಟರ್ 'ಮಾರ್ಕ್ಸ್ ಎಷ್ಟಪ್ಪಾ' ಅಂತ ಕೇಳೋ ಹಾಗಿಲ್ಲವಲ್ಲ, ಹಾಗೆ. ಗುಟ್ಟು ಹೊರಬಿಟ್ಟ ನೌಕರನಿಗೆ ಆರು ತಿಂಗಳವರೆಗೆ ಜೈಲು ಅಥವಾ 1,000 ಡಾಲರ್ ತನಕ ದಂಡ, ಎರಡೂ ಬೀಳಬಹುದು. ಕಾರ್ಡ್ ಇದೆ ಅನ್ನೋದೊಂದನ್ನೇ ನೆಪ ಮಾಡಿಕೊಂಡು ಮನೆ ಜಾಲಾಡುವಂತೆಯೂ ಇಲ್ಲ. ಕಾಯಿಲೆಯವನ ಮಾನ ಕಾಯೋಕೆ ಇಷ್ಟಾದರೂ ಬೇಕು ಅಂತ ನನಗನ್ನಿಸುತ್ತೆ.

ಒಂದು ತೊಡಕೂ ಇದೆ. ಅರ್ಜಿ ಕೊಟ್ಟು 20 ದಿನದೊಳಗೆ ಇಲಾಖೆ ಕಾರ್ಡ್ ಕೊಡದಿದ್ದರೆ ಅರ್ಜಿಯ ನಕಲೇ ಕಾರ್ಡ್ ಅಂತ ಕಾನೂನು. ರಿಜಿಸ್ಟರಿನಲ್ಲಿ ಇನ್ನೂ ಏರದ ಹೆಸರನ್ನು ರಾತ್ರಿ ಹೊತ್ತು ರಸ್ತೆ ಬದಿ ನಿಂತ ಪೊಲೀಸಪ್ಪ ಎಲ್ಲಿ ಹುಡುಕಬೇಕು?

ನಿಜವಾದ ತಂಟೆ ಇರೋದು ಎಣಿಕೆಯಲ್ಲಿ. ಐದು ರೋಗಿಗಳ ಕೇರ್‌ಗಿವರ್ ತಾನೂ ರೋಗಿಯಾದರೆ ಒಟ್ಟು 72 ಗಿಡ, ಅದೂ ಬೀಗ ಹಾಕಿದ ಜಾಗದಲ್ಲಿ. ಅಂಥವನೊಬ್ಬನ ಮನೆಗೆ ಪೊಲೀಸರು ಹೋದಾಗ ಅವನು 71 ಅಂದ, ಅವರು 77 ಅಂದರು. ಕೇಸು ರಾಜ್ಯದ ಸುಪ್ರೀಂ ಕೋರ್ಟ್ ಮುಟ್ಟಿತು. ಕಾರ್ಡೊಂದೇ ರಕ್ಷೆಯಲ್ಲ ಅಂತ 2015ರಲ್ಲಿ ಕೋರ್ಟ್ ಹೇಳಿತು. ಗಿಡದ ಲೆಕ್ಕ, ಬೀಗ, ವೈದ್ಯಕೀಯ ಬಳಕೆ, ಇವನ್ನೂ ಆರೋಪಿಯೇ ರುಜುವಾತು ಮಾಡಬೇಕು, ವಿಚಾರಣೆಗೆ ಮುಂಚೆಯೇ ಜಡ್ಜ್ ತೀರ್ಮಾನಿಸಬೇಕು. ಅಂದರೆ ಕಾರ್ಡಿನ ನಂಬರು ಸರಿಯಾಗಿದ್ದರೂ ಗಿಡದ ನಂಬರು ತಪ್ಪಿದರೆ ಕೋರ್ಟು ಅಲೆಯಬೇಕು.

2018ರಲ್ಲಿ ಮತ್ತೆ ವೋಟು ಬಿತ್ತು. ಈಗ 21 ತುಂಬಿದವರಿಗೆ ಕಾರ್ಡ್ ಇಲ್ಲದೆಯೂ ಎರಡೂವರೆ ಔನ್ಸ್ ಜೇಬಿನಲ್ಲಿರಬಹುದು, ಮನೆಯಲ್ಲಿ 12 ಗಿಡ ಇರಬಹುದು. ಅದಕ್ಕೂ ಚಿಕ್ಕ ವಯಸ್ಸಿನ ರೋಗಿಗಳು, ನಾಲ್ಕೈದು ಜನರಿಗೆ ಬೆಳೆದುಕೊಡುವ ಕೇರ್‌ಗಿವರ್‌ಗಳು ಇಂದಿಗೂ ಕಾರ್ಡನ್ನೇ ನಂಬಿಕೊಂಡಿದ್ದಾರೆ.