ಕಾರಿನಡಿಯ ಕಲೆ ಏನು ಹೇಳುತ್ತದೆ?

ಶಿವಮೊಗ್ಗದ ಏಪ್ರಿಲ್ ಸೆಖೆಯಲ್ಲಿ ಎ.ಸಿ. ಹಾಕಿಕೊಂಡು ಬಿ.ಎಚ್. ರಸ್ತೆ ಹಿಡಿದು ಭದ್ರಾವತಿ ತಲುಪಿದ ಕಾರಿನಡಿ ತಿಳಿನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಅದು ಗಾಳಿಯಲ್ಲಿದ್ದ ತೇವ ತಣ್ಣಗಾಗಿ ಇಳಿದದ್ದು. ಬಣ್ಣವಿದ್ದರೆ ಎಚ್ಚರ. ಹಸಿರೋ ಗುಲಾಬಿಯೋ ಆಗಿದ್ದು ಸಿಹಿ ವಾಸನೆ ಬಂದರೆ ಕೂಲೆಂಟ್. ಅದು ತೀರಿದರೆ ಎಂಜಿನ್ ಕಾದು ಕೆಡುತ್ತದೆ. ನಾಯಿ, ಬೆಕ್ಕು ನೆಕ್ಕಿದರೆ ವಿಷ, ಕೂಡಲೇ ತೊಳೆಯಬೇಕು. ಕಂದು, ಕಪ್ಪು ಜಿಡ್ಡು ಸಾಮಾನ್ಯವಾಗಿ ಎಂಜಿನ್ ಆಯಿಲ್. ಕೆಂಪಗಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಲ್ಲವೇ ಪವರ್ ಸ್ಟೀರಿಂಗಿನದು. ಚಕ್ರದ ಬಳಿ ತಿಳಿಹಳದಿಯ, ಜಾರುವ ದ್ರವ ಕಂಡರೆ ಬ್ರೇಕ್ ಆಯಿಲ್ ಇರಬಹುದು. ಮಲೆನಾಡ ಮಳೆಯಲ್ಲಿ ಅಂಗಳವೆಲ್ಲ ಒದ್ದೆ, ಕಲೆ ಕಾಣದು. ರಾತ್ರಿ ಶೆಡ್ಡಿನಲ್ಲಿ ಕಾರಿನಡಿ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಸೋರಿದ ಜಾಗ, ಬಣ್ಣ ಎರಡೂ ತಿಳಿಯುತ್ತವೆ. ಬ್ರೇಕ್ ಆಯಿಲ್ ಸೋರುವ ಕಾರನ್ನು ಗ್ಯಾರೇಜಿನವರೆಗೂ ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.