ಕಾಸರಗೋಡಿಗೆ ಕನ್ನಡ ಬಲ್ಲ ಇಂಟರ್ನ್‌ಗಳು ಬೇಕು

ಮಾನ್ಯ ಅಧ್ಯಕ್ಷರಿಗೆ,
ಕೇರಳ ರಾಜ್ಯ ಮಾನವ ಹಕ್ಕುಗಳ ಆಯೋಗ, ತಿರುವನಂತಪುರ

ಮಾನವ ಹಕ್ಕುಗಳ ಸ್ವಯಂಸೇವಾ ಸಂಸ್ಥೆಯ ಸಂವಹನ ವಿಭಾಗಕ್ಕೆ ಇಂಟರ್ನ್ ಆಗಿ ಸೇರುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸಿಗುವ ಕೆಲಸ ಪತ್ರಿಕಾ ಪ್ರಕಟಣೆ ಬರೆಯುವುದು, ಫೇಸ್‌ಬುಕ್ ಪುಟ ನೋಡಿಕೊಳ್ಳುವುದು, ಸಭೆಯ ಫೋಟೊ ತೆಗೆಯುವುದು. ಇವೂ ಬೇಕಾದವೇ. ಆದರೆ ಆ ವಿಭಾಗದ ಹೊಣೆ ಇದಕ್ಕೂ ಮೊದಲೇ ಶುರುವಾಗುತ್ತದೆ. ಕಷ್ಟಕ್ಕೆ ಸಿಕ್ಕವರ ಮಾತನ್ನು ಅವರ ಭಾಷೆಯಲ್ಲೇ ಕೇಳಿ, ದಿನಾಂಕ, ಸ್ಥಳ, ದಾಖಲೆಗಳೊಡನೆ ಬರೆದುಕೊಂಡು, ಪರಿಹಾರ ಕೊಡಬಲ್ಲ ಕಚೇರಿಗೆ ಮುಟ್ಟಿಸಬೇಕು. ಕಾಸರಗೋಡು ಜಿಲ್ಲೆಯಲ್ಲಿ ಇದಕ್ಕೆ ಎಂಡೋಸಲ್ಫಾನ್ ಪ್ರಕರಣಕ್ಕಿಂತ ದೊಡ್ಡ ಪಾಠ ಇಲ್ಲ.

ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಗುಡ್ಡದಲ್ಲಿ ತೋಟ, ತಗ್ಗಿನಲ್ಲಿ ಮನೆ. ಕುಡಿಯಲು ತೋಡು, ಗುಡ್ಡ ಕೊರೆದ ಸುರಂಗಗಳ ನೀರು. ಸಿಂಪಡಣೆಯ ಹೊತ್ತಿಗೆ ಬಾವಿಯನ್ನಾದರೂ ಮುಚ್ಚಬಹುದು, ಹರಿಯುವ ತೋಡನ್ನು ಮುಚ್ಚುವುದು ಹೇಗೆ? ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ ಬಹಳ ಹಿಂದೆಯೇ ಬರೆದರು. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳ ಮನೆಮನೆಯ ವಿವರ ಕಲೆಹಾಕಿದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಸಿಂಪಡಣೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಇವರಲ್ಲಿ ಯಾರೂ ಸಂವಹನ ವಿಭಾಗದ ನೌಕರರಲ್ಲ. ಆ ಕೆಲಸ ಮಾಡಿದವರು ಮಾತ್ರ ಇವರೇ. ಪತ್ರಿಕಾ ವರದಿಗಳ ಆಧಾರದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2001ರಲ್ಲಿ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆ ಗ್ರಾಮದ ಶಾಲಾಮಕ್ಕಳನ್ನು ಸಿಂಪಡಣೆ ನಡೆಯದ ಮೀಂಜದ ಮಕ್ಕಳೊಂದಿಗೆ ಹೋಲಿಸಿ ವರದಿ ಕೊಟ್ಟಿತು.

ಮುಂದಿನದು ನಿಧಾನದ ಕಥೆ. ರಾಷ್ಟ್ರೀಯ ಆಯೋಗದ ಪರಿಹಾರದ ಶಿಫಾರಸು ಬಂದದ್ದು 2010ರ ಡಿಸೆಂಬರ್ 31ರಂದು. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2017ರ ಜನವರಿ 10ರಂದು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ 3,704 ಸಂತ್ರಸ್ತರ ಪೈಕಿ ಹಣ ತಲುಪಿದ್ದು 8 ಮಂದಿಗೆ. ಆ ಎಂಟು ಮಂದಿ ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದವರು.

ಈ ಪ್ರಕರಣ ಲೋಕಕ್ಕೆ ತಿಳಿದದ್ದು ಬಹುಮಟ್ಟಿಗೆ ಛಾಯಾಚಿತ್ರಗಳಿಂದ. ಅವು ಇಲ್ಲದಿದ್ದರೆ 2011ರ ಎಂಡೋಸಲ್ಫಾನ್ ನಿಷೇಧಕ್ಕೆ ಅಷ್ಟು ಒತ್ತಡ ಬರುತ್ತಿರಲಿಲ್ಲ. ಹಾಗೆಂದು, ಬೇಡವೆನ್ನಲು ಬಾಯಿಲ್ಲದ ಮಗುವಿನ ಮುಖ ಪೋಸ್ಟರಿಗೆ ಹೋಗುವುದು ಸಣ್ಣ ಮಾತಲ್ಲ. ಚಿತ್ರ ಎಲ್ಲಿ ಪ್ರಕಟವಾಗುತ್ತದೆ, ಮುಂದೆ ಬೇಡವೆಂದರೆ ಯಾರಿಗೆ ಹೇಳಬೇಕು ಎಂಬುದನ್ನು ಮನೆಯವರಿಗೆ ತಿಳಿಸಿ ಒಪ್ಪಿಗೆ ಪಡೆಯುವುದನ್ನು ಇಂಟರ್ನ್‌ಗಳು ಕ್ಯಾಮೆರಾ ಹಿಡಿಯುವ ಮೊದಲು ಕಲಿಯಬೇಕು. ಅರ್ಥವಾಗದ ಭಾಷೆಯ ಕಾಗದಕ್ಕೆ ಹಾಕಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ.

ಜಿಲ್ಲೆಯ ನೆಕ್ರಾಜೆ, ಬದಿಯಡ್ಕ, ಬೆಳ್ಳೂರು, ಎಣ್ಮಕಜೆ ಕಡೆ ಮನೆಮಾತು ತುಳು, ಮಲಯಾಳ, ಹವ್ಯಕ ಕನ್ನಡ, ಮರಾಠಿ ಹೀಗೆ ಹಲವು. ಓದುಬರಹ ಅನೇಕರಿಗೆ ಕನ್ನಡದಲ್ಲೇ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ರಾಷ್ಟ್ರೀಯ ಆಯೋಗ ಎಂಟನೇ ಅನುಸೂಚಿಯ ಯಾವ ಭಾಷೆಯ ದೂರನ್ನೂ ಸ್ವೀಕರಿಸುತ್ತದೆ. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ ಎಂಬ ನಿಯಮವೂ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿದೆ. ಅರ್ಜಿ ಬರೆಸಲು ಭಾಷೆ ಬಲ್ಲವರನ್ನು ಹುಡುಕುತ್ತ ಕಳೆದುಹೋಗುವುದು ಈ ಒಂದು ವರ್ಷದ ಗಡುವೇ.

ಹಕ್ಕುಗಳ ತಿಳಿವಳಿಕೆಯನ್ನು ಪ್ರಕಟಣೆ, ಮಾಧ್ಯಮಗಳ ಮೂಲಕ ಹರಡುವುದು, ಸ್ವಯಂಸೇವಾ ಸಂಸ್ಥೆಗಳನ್ನು ಪ್ರೋತ್ಸಾಹಿಸುವುದು ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಆಯೋಗದ ಕೆಲಸ. ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದಿಂದ ಪ್ರತಿ ವರ್ಷ ಕೆಲವು ವಿದ್ಯಾರ್ಥಿಗಳನ್ನು ಇಂಥ ಸಂಸ್ಥೆಗಳಿಗೆ ಇಂಟರ್ನ್‌ಗಳಾಗಿ ಕಳಿಸಲು ತಮ್ಮ ಆಯೋಗ ವ್ಯವಸ್ಥೆ ಮಾಡಬಹುದು. ಬಸ್ಸಿನ ಖರ್ಚು ಮತ್ತು ಸ್ಟೈಪೆಂಡ್ ಕೊಡಲೇಬೇಕು; ಇಲ್ಲವಾದರೆ ಅನುಕೂಲಸ್ಥರ ಮಕ್ಕಳಷ್ಟೇ ಬರುತ್ತಾರೆ. ಮೊದಲ ಕೆಲಸವಾಗಿ ಈ ಇಂಟರ್ನ್‌ಗಳು ಆಯೋಗದ ದೂರಿನ ನಮೂನೆಯನ್ನು ಕನ್ನಡಕ್ಕೆ ತಂದು, ಪಂಚಾಯತು ಕಚೇರಿಗಳಲ್ಲಿ ಇಡಲಿ.

ಇತಿ,
ನೆಕ್ರಾಜೆಯ ಓರ್ವ ನಾಗರಿಕ